ಪಾತ್ರೆಯ ತಳದ ನಾಣ್ಯ

ಸಾಂತಾ ರೀತಾ ಊರಿನ ಕ್ರೆಸೆನ್ಸಿಯಾ, ಎಲ್ಲರ ಬಾಯಲ್ಲಿ ಚೆಂಚಾ, ಒಂದು ಮುಂಜಾನೆ ಸಂತೆಯಲ್ಲಿ ಮುಸುಕಿನ ಜೋಳದ ಸಿಪ್ಪೆ ಸುತ್ತಿ ಹಬೆಯಲ್ಲಿ ಬೇಯಿಸಿದ ಕಡುಬು ಮಾರಲು ನಿಂತು "ತಮಾಲೇ!" ಎಂದು ಕೂಗಿದ್ದಕ್ಕೆ ದೋನ್ ಗೋಯೊ ಬೆಟ್ಟ ಬೆಚ್ಚಿಬಿದ್ದು, ಉಗುಳಲೆಂದು ಬಾಯಿಗೆ ತಂದುಕೊಂಡಿದ್ದ ಬೆಂಕಿ ಬೂದಿಯನ್ನೆಲ್ಲ ಗುಟುಕ್ಕನೆ ನುಂಗಿಕೊಂಡಿತು. ಅಂದಿನಿಂದ ಸುತ್ತಲಿನ ಊರುಗಳ ಹೆಂಗಸರು ಬಟ್ಟೆ ಒಣಹಾಕುವ ಮೊದಲು ಅವಳನ್ನು ಕೇಳುತ್ತಾರೆ: "ದೋನ್ಯಾ ಚೆಂಚಾ, ಇವತ್ತು ಕೂಗ್ತೀಯಾ ಹೆಂಗೆ? ಬೂದಿ ಬೀಳಲ್ಲ ತಾನೆ?" ಈ ಮಾತು ನಂಬದವರು ಬೆಟ್ಟವನ್ನೇ ಹೋಗಿ ವಿಚಾರಿಸಲಿ. ಹೊಗೆಯುಗುಳುತ್ತ ಕೂತ ಬೆಟ್ಟಕ್ಕೆ ಸುಳ್ಳು ಹೇಳುವ ದರ್ದೇನಿದೆ?

ಅಂಥ ಗಂಟಲು ಆ ದಿನ ರಾಜಧಾನಿಯ ನ್ಯಾಯಾಲಯದ ಮೊಗಸಾಲೆಯಲ್ಲಿ ಒಣಗಿ ಹಳೆಯ ಚಕ್ಕಳದಂತಾಗಿತ್ತು. ಸಾಕ್ಷಿಗಳ ಬೆಂಚಿನ ಮೇಲೆ ಚೆಂಚಾ ಒಬ್ಬಳೇ ಕೂತಿದ್ದಳು. ಆ ಬೆಂಚು ಎಷ್ಟು ತಣ್ಣಗಿತ್ತೆಂದರೆ, ಅದರ ಮೇಲೆ ಕೂತ ಹಿಂದಿನ ಸಾಕ್ಷಿಗಳಲ್ಲಿ ಅರ್ಧ ಜನ ಒಳಗೆ ಕರೆ ಬರುವ ಮೊದಲೇ ಹೆಪ್ಪುಗಟ್ಟಿಹೋಗಿದ್ದರಂತೆ. ಬಾಗಿಲಿನ ಆಚೆ ಎವಾರಿಸ್ತೊ ಇದ್ದ. ಅವಳ ಪಕ್ಕದ ಮನೆಯವನು. ಅವಳ ಕೊಮಾದ್ರೆ ಯುರೀದಿಯಾಳ ಗಂಡ. ಯುರೀದಿಯಾಳ ಮಗಳು ಸಿತ್ಲಾಲಿಯನ್ನು ದೀಕ್ಷಾಸ್ನಾನದ ತೊಟ್ಟಿಯ ಮುಂದೆ ಎತ್ತಿ ಹಿಡಿದವಳು ಚೆಂಚಾ. ಆವತ್ತಿನಿಂದ ಮಗುವಿಗೆ ಅವಳು ಧರ್ಮತಾಯಿ, ಮಗುವನ್ನು ಹೆತ್ತವಳಿಗೆ ಕೊಮಾದ್ರೆ. ರಕ್ತದ ನಂಟು ಹರಿದರೂ ಹರಿದೀತು, ಈ ನಂಟು ಹರಿಯದು.

ಹೋದ ವರ್ಷ ಮೇಣದಬತ್ತಿ ಹಬ್ಬದ ಬೆಳಗ್ಗೆ ಯುರೀದಿಯಾ ತನ್ನ ಅಡುಗೆಮನೆಯ ತೊಲೆಯಿಂದ ನೇತಾಡುತ್ತಿದ್ದಳು.

ಊರಿನ ತನಿಖಾಧಿಕಾರಿ ಬಂದ, ಟೋಪಿ ತೆಗೆದ, ಮೂಗು ಒರೆಸಿಕೊಂಡ, 'ಆತ್ಮಹತ್ಯೆ' ಎಂದು ಬರೆದ. ಬರೆದು ಮುಗಿಸಿದಾಗ ಅವನ ಕಾಫಿ ಇನ್ನೂ ಆರಿರಲಿಲ್ಲ. ಇದರಲ್ಲಿ ಉಪ್ಪುಖಾರ ಹಚ್ಚಿದ್ದು ಏನೂ ಇಲ್ಲ. ಕಾಫಿ ಕೊಟ್ಟವಳು ಚೆಂಚಾನೇ. ಅದಕ್ಕೂ ಮುಂಚೆ, ಮಳೆಗಾಲದಲ್ಲಿ, ಯುರೀದಿಯಾ ಒಡೆದ ತುಟಿ ಹೊತ್ತುಕೊಂಡು ಇದೇ ಅಧಿಕಾರಿಯ ಮೇಜಿನ ಮುಂದೆ ನಿಂತಿದ್ದಳು. ಆಗ ಅವನು ತಲೆ ಎತ್ತದೆ ಹೇಳಿದ್ದ: "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಕಣಮ್ಮ. ಹೋಗು, ಹೋಗಿ ಉಣ್ಣೋಕಿಕ್ಕು."

ಹಾಗೇ ಮುಚ್ಚಿಹೋಗುತ್ತಿತ್ತು. ಆದರೆ ಯುರೀದಿಯಾಳ ತಾಯಿ ಎರ್ಲಿಂದಾ ರಾಜಧಾನಿಯ ಬಸ್ಸು ಹತ್ತಿ, ಹೆಂಗಸರ ಕೊಲೆಗಳನ್ನೇ ನೋಡಿಕೊಳ್ಳುವ ಸರ್ಕಾರಿ ವಕೀಲರ ಕಚೇರಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅಲ್ಲಿಂದ ಎದ್ದು ಬಂದವಳು ಲಿಸೆನ್ಸಿಯಾದಾ ಸೊಲೀಸ್. ಕಾನೂನು ಓದಿದ ಹೆಂಗಸನ್ನು ನಮ್ಮ ಕಡೆ ಹಾಗೆಯೇ ಕರೆಯುವುದು. ಇವಳನ್ನಂತೂ ಕರೆಯಲೇಬೇಕು, ಏಕೆಂದರೆ ಇವಳು ಸಿಡಿಲು ಹೊಡೆದರೂ ರೆಪ್ಪೆ ಮಿಟುಕಿಸದೆ "ಸಹಿ ಹಾಕಿ" ಎನ್ನುವ ಗಟ್ಟಿಗಿತ್ತಿ. ಊರಿನ ತನಿಖಾಧಿಕಾರಿಗೆ ಕಾನೂನು ಹೀಗಿದೆ ಎಂದಳು: ಹೆಂಗಸೊಬ್ಬಳು ಹೀಗೆ ಸತ್ತರೆ ಮೊದಲು ಕೊಲೆಯೆಂದೇ ಹುಡುಕಬೇಕು, ಅಲ್ಲವೆಂದು ಗಟ್ಟಿಯಾದ ಮೇಲೆ ಮಾತ್ರ ಆತ್ಮಹತ್ಯೆ ಎಂದು ಬರೆಯಬೇಕು. ನೀವು ಬಾಲದಿಂದ ಶುರು ಮಾಡಿದ್ದೀರಿ. ಗೋರಿ ಅಗೆಸಿದಳು. ಹಗ್ಗದ ಗುರುತಿನ ಅಡಿಯಲ್ಲಿ ಬೆರಳಿನ ಗುರುತು ಸಿಕ್ಕಿತು.

ಅಲ್ಲಿಗೆ ಆತ್ಮಹತ್ಯೆಯ ಕತೆ ಮುಗಿಯಿತು. ಎವಾರಿಸ್ತೊನ ಕತೆ ಮುಗಿಯಲಿಲ್ಲ. "ನಾನು ಇನ್ನೂ ಕತ್ತಲಿರುವಾಗಲೇ ಸೌದೆಗೆ ಗುಡ್ಡಕ್ಕೆ ಹೋಗಿದ್ದೆ. ನನ್ನ ದಾಯಾದಿ ಜೊತೆಗಿದ್ದ. ಚರ್ಚಿನಲ್ಲಿ ಎರಡನೇ ಪೂಜೆಯ ಗಂಟೆ ಹೊಡೆಯುವಾಗ ವಾಪಸು ಬಂದೆ. ನಾನಿಲ್ಲದಾಗ ಯಾವನೋ ಕಳ್ಳ ನುಗ್ಗಿ ಕೊಂದು, ಹಗ್ಗ ಬಿಗಿದಿದ್ದಾನೆ" ಎಂದ. ದಾಯಾದಿ ಶಿಲುಬೆ ಮುಟ್ಟಿ ಹೌದೆಂದ. ಸಾವು ಮೊದಲ ಪೂಜೆಯ ಗಂಟೆಗೂ ಮುಂಚೆ ಆಗಿದೆ ಎಂದು ಎರಡೂ ಕಡೆಯ ವೈದ್ಯರು ಹೇಳಿದರು. ಮಗು ಆ ರಾತ್ರಿ ಅಜ್ಜಿ ಎರ್ಲಿಂದಾಳ ಮನೆಯಲ್ಲಿತ್ತು. ಹಾಗಿದ್ದರೆ ಆ ಬೆಳಗ್ಗೆ ಮನೆಯೊಳಗೆ ಯಾರಿದ್ದರು? ಅದನ್ನು ಬಲ್ಲ ಕಿವಿ ಇಡೀ ಊರಿನಲ್ಲಿ ಒಂದೇ. ಎರಡು ಅಡುಗೆಮನೆಗಳ ನಡುವೆ ಒಂದೇ ಇಟ್ಟಿಗೆ ದಪ್ಪದ ಗೋಡೆ, ಅದರ ಈಚೆ ಚೆಂಚಾ.

ಬೆಳಗ್ಗೆ ಬಸ್ಸಿನಲ್ಲಿ ಎರ್ಲಿಂದಾ ಅವಳ ಪಕ್ಕ ಕೂತಿದ್ದಳು.

"ಅವನಿಗೆ ಬಿಡುಗಡೆ ಆದ್ರೆ ಮಗು ಅವನದೇ ಅಂತೆ" ಎಂದಳು, ಕಿಟಕಿಯ ಕಡೆ ಮುಖ ಮಾಡಿಕೊಂಡೇ. "ತಪ್ಪಿತಸ್ಥ ಅಂತ ಆದ್ರೆ ಮಾತ್ರ ಕೋರ್ಟು ಅವನ ತಂದೆ ಅನ್ನೋ ಹಕ್ಕು ಕಿತ್ಕೊಳ್ಳುತ್ತಂತೆ. ಇಲ್ದಿದ್ರೆ ಇವತ್ತು ಸಾಯಂಕಾಲವೇ ಬಂದು ಬಾಗಿಲು ಬಡೀತಾನೆ."

"ಬರ್ಲಿ! ಬಂದ್ರೆ ಅವನ ಮೂಳೆ ಮುರಿದು ಸಾರು ಕಾಯಿಸ್ತೀನಿ. ಒಂದ್ಸಲ ಸೇನೆಯ ಟ್ರಕ್ಕನ್ನೇ ಸೌಟಲ್ಲಿ ತಡೆದವಳು ನಾನು, ನೆನಪಿಲ್ವಾ?"

"ಚೆಂಚಾ." ಎರ್ಲಿಂದಾ ಅವಳ ಮಣಿಕಟ್ಟು ಹಿಡಿದಳು. "ಇವತ್ತೊಂದು ದಿನ..."

ಮುಂದಿನದನ್ನು ಹೇಳಬೇಕಾಗಿರಲಿಲ್ಲ.

ಯಾಕೆಂದರೆ ಊರಿಗೆಲ್ಲ ಗೊತ್ತಿತ್ತು. ಯುರೀದಿಯಾ ಸತ್ತ ದಿನದಿಂದ ಚೆಂಚಾ ಸಂತೆಯಲ್ಲಿ ಒಂದು ಕತೆ ಹೇಳುತ್ತಿದ್ದಳು, ಅದು ವಾರಕ್ಕೊಮ್ಮೆ ಮರಿ ಹಾಕುತ್ತಿತ್ತು. ಮೊದಲ ವಾರ ಗೋಡೆಯಲ್ಲಿ ತೂತಿತ್ತು, ಅದರಿಂದ ಕಣ್ಣಾರೆ ಕಂಡಿದ್ದಳು. ಮುಂದಿನ ವಾರ ಮಾಡು ಹತ್ತಿ ಹೆಂಚು ಸರಿಸಿ ನೋಡಿದ್ದಳು.

"ಏನೇ ಚೆಂಚಾ," ಎಂದು ಮೆಣಸಿನಕಾಯಿ ಮಾರುವವಳು ಕಾಲೆಳೆದಿದ್ದಳು, "ಮೊನ್ನೆ ತೂತು, ಇವತ್ತು ಹೆಂಚು. ನಾಳೆ ಹೊಗೆಗೂಡಿಂದ ಇಳೀತೀಯಾ?"

"ತೂತಿಗೆ ಕಣ್ಣಿಟ್ಟೆ, ಹೆಂಚಿಗೆ ಕೈಯಿಟ್ಟೆ. ದೇವರು ಎರಡೂ ಕೊಟ್ಟಿದಾನಲ್ಲ, ನಿಂಗ್ಯಾಕೆ ಹೊಟ್ಟೆಕಿಚ್ಚು?"

ಎಲ್ಲರೂ ನಕ್ಕಿದ್ದರು. ನಗುವವರ ನಡುವೆ ಯಾರೋ ಒಬ್ಬ ಮೊಬೈಲು ಎತ್ತಿ ಹಿಡಿದಿದ್ದ. ಅದನ್ನು ಚೆಂಚಾ ನೋಡಿ, ಇನ್ನೂ ಸ್ವಲ್ಪ ಎದೆಯುಬ್ಬಿಸಿ ನಿಂತಿದ್ದಳು.

ಸೊಲೀಸ್‌ಳ ಮುಂದೆ ಹೇಳಿಕೆ ಕೊಡುವಾಗ ತೂತನ್ನೂ ಹೆಂಚನ್ನೂ ಕೈಬಿಟ್ಟು ಒಂದನ್ನು ಮಾತ್ರ ಉಳಿಸಿಕೊಂಡಿದ್ದಳು: "ಅವನ ಧ್ವನಿ ಕೇಳಿಸ್ತು." ಸೊಲೀಸ್ ಆಗ ಅವಳ ಮುಖವನ್ನು ದೀರ್ಘವಾಗಿ ನೋಡಿದ್ದಳು. "ಖಂಡಿತವಾ?" ಎಂದಿದ್ದಳು. "ನನ್ನ ತಾಯಿಯಾಣೆ" ಎಂದಿದ್ದಳು ಚೆಂಚಾ.

ನಿಜವಾಗಿ ಕೇಳಿಸಿದ್ದು ಬೇರೆ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅದು ಹೇಳಲಾಗದಷ್ಟು ಸಣ್ಣದಾಗಿತ್ತು. ಅದರ ಮೇಲೆ ಒಂದೊಂದೇ ಕತೆ ಎಳೆದು ಮುಚ್ಚುತ್ತ ಬಂದಿದ್ದಳು.

"ಸಾಕ್ಷಿ ಕ್ರೆಸೆನ್ಸಿಯಾ!"

ಬಾಗಿಲು ತೆರೆಯಿತು. ಒಳಗೆ ಮೂವರು ನ್ಯಾಯಾಧೀಶರು. ನಡುವೆ ಕೂತಾಕೆ ನರೆಗೂದಲಿನ ಹೆಂಗಸು. ಚೆಂಚಾಳ ಕಣ್ಣಿಗೆ ಆ ಪೀಠ ಚರ್ಚಿನ ಗೋಪುರಕ್ಕಿಂತ ಮೂರು ಮಾರು ಎತ್ತರವಾಗಿ ಕಂಡಿತು. ಎಡಕ್ಕೆ ಎವಾರಿಸ್ತೊ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಕೂದಲಿಗೆ ನೀರು ಹಚ್ಚಿ ಬಾಚಿಕೊಂಡು, ಚರ್ಚಿನಲ್ಲಿ ಮೊದಲ ಪರಮಪ್ರಸಾದ ಪಡೆಯಲು ಕೂತ ಹುಡುಗನಂತೆ ಕೂತಿದ್ದ. ಹಿಂದಿನ ಸಾಲಿನಲ್ಲಿ ಅವನ ತಾಯಿ ದೋನ್ಯಾ ಪೋರ್ಫಿರಿಯಾ, ಒಂದು ಕಾಲಕ್ಕೆ ಇಡೀ ಕಣಿವೆಗೆ ತಮಾಲೆ ಬಡಿಸಿದಾಕೆ. ನಿನ್ನೆ ಮಗನ ಪರವಾಗಿ ಸಾಕ್ಷಿ ಹೇಳಿ ಮುಗಿಸಿ ಇವತ್ತು ನೋಡಲು ಬಂದು ಕೂತಿದ್ದಳು. ಅವಳಿಂದ ಆದಷ್ಟು ದೂರದಲ್ಲಿ ಎರ್ಲಿಂದಾ.

ಸುಳ್ಳು ಸಾಕ್ಷಿ ಹೇಳಿದರೆ ಸೆರೆವಾಸ ಎಂದು ಹಿರಿಯ ನ್ಯಾಯಾಧೀಶೆ ತಿಳಿಸಿದಳು. ಚೆಂಚಾ ಸತ್ಯ ಹೇಳುತ್ತೇನೆಂದು ಪ್ರಮಾಣ ಮಾಡಿದಳು. ಸೊಲೀಸ್ ಕೇಳಿದಳು, ಅವಳು ಹೇಳಿದಳು: ಗೋಡೆ, ಅಡುಗೆಮನೆ, ಹಬ್ಬ, ಧ್ವನಿ.

ಆಮೇಲೆ ಎವಾರಿಸ್ತೊನ ವಕೀಲ ಬರ್ರಾಗಾನ್ ಎದ್ದ. ಅವನ ಬೂಟಿನ ಹೊಳಪಿನಲ್ಲಿ ಮೂವರು ನ್ಯಾಯಾಧೀಶರೂ ತಲೆ ಬಾಚಿಕೊಳ್ಳಬಹುದಿತ್ತು.

"ದೋನ್ಯಾ ಕ್ರೆಸೆನ್ಸಿಯಾ, ನಾನೂ ಆ ಕಡೆಯವನೇ. ನಿಮ್ಮ ತಮಾಲೆ ತಿಂದಿದೀನಿ. ಬಹಳ ಚೆನ್ನಾಗಿರ್ತವೆ."

"ದುಡ್ಡು ಕೊಟ್ಟು ತಿಂದ್ರೋ, ಹಂಗೇ ಹೋದ್ರೋ?"

ಹಿಂದಿನ ಸಾಲಿನಲ್ಲಿ ನಗು. ಚೆಂಚಾಳ ಭುಜ ಸ್ವಲ್ಪ ಸಡಿಲವಾಯಿತು. ಬರ್ರಾಗಾನ್ ಕೂಡ ನಕ್ಕ. ನಗುತ್ತಲೇ ಗೋಡೆಯ ಮೇಲಿನ ಪರದೆಯ ಕಡೆ ಕೈ ತೋರಿಸಿದ.

ಪರದೆಯ ಮೇಲೆ ಸಂತೆ ಬಂತು. ಮೆಣಸಿನಕಾಯಿ ರಾಶಿ, ಚೆಂಚಾಳ ಪಾತ್ರೆ, ಅದರ ಹಿಂದೆ ಸೊಂಟಕ್ಕೆ ಕೈಯಿಟ್ಟು ನಿಂತ ಚೆಂಚಾ. "ಗೋಡೇಲಿ ತೂತಿತ್ತು ಕಣ್ರೇ, ಈ ಎರಡು ಕಣ್ಣಿಂದ ಕಂಡೆ!" ಇನ್ನೊಂದು ದಿನ, ಇನ್ನೊಂದು ಶಾಲು: "ಮಾಡು ಹತ್ತಿ ಹೆಂಚು ಸರಿಸಿದೆ!" ಮತ್ತೊಂದು: "ಸೌಟು ತಗೊಂಡು ಅವನ ಬುರುಡೆಗೆ ಬಾರಿಸಿ, ಮೂರು ಗುಡ್ಡ ದಾಟೋವರೆಗೆ ಅಟ್ಟಿಸಿಕೊಂಡು ಹೋದೆ!" ಸಂತೆಯ ನಗು ನ್ಯಾಯಾಲಯದ ಗೋಡೆಗಳಿಗೆ ಬಡಿದು ವಾಪಸು ಬಂತು. ಇಲ್ಲಿ ಯಾರೂ ನಗಲಿಲ್ಲ.

"ಗೋಡೇಲಿ ತೂತಿದೆಯಾ, ದೋನ್ಯಾ?"

"...ಇಲ್ಲ."

"ಮಾಡು ಹತ್ತಿದ್ರಾ?"

"ನನ್ನ ಮಂಡಿ ನೋಡಿದ್ದೀರಾ ನೀವು?"

"ಹತ್ತಿದ್ರೋ ಇಲ್ವೋ, ಅಷ್ಟು ಹೇಳಿ."

"ಇಲ್ಲ."

"ಅಟ್ಟಿಸಿಕೊಂಡು ಹೋದ್ರಾ?"

"ಇಲ್ಲ."

"ಹಾಗಾದ್ರೆ ಕೊನೇದು." ಬರ್ರಾಗಾನ್ ಹತ್ತಿರ ಬಂದ. ಧ್ವನಿಯನ್ನು ತಗ್ಗಿಸಿದ, ಮನೆಮಂದಿಯಂತೆ. "ಧ್ವನಿ. ನಿಮ್ಮ ತಾಯಿಯಾಣೆ ಬೇಡ, ಇಲ್ಲಿ ಮಾಡಿದ ಪ್ರಮಾಣದ ಮೇಲೆ ಹೇಳಿ. ಆ ಬೆಳಗ್ಗೆ ಎವಾರಿಸ್ತೊನ ಧ್ವನಿ ನಿಮಗೆ ಕೇಳಿಸ್ತಾ?"

ಚೆಂಚಾ ಎವಾರಿಸ್ತೊನನ್ನು ನೋಡಿದಳು. ಅವನು ಅವಳನ್ನೇ ನೋಡುತ್ತಿದ್ದ. ಅವನ ತುಟಿಯ ತುದಿಯಲ್ಲಿ ಏನೋ ಇತ್ತು. ನಗುವಲ್ಲ, ನಗುವಿನ ಮುಂಗಡ. ಇವಳು ಈಗ ಇನ್ನೊಂದು ಸುಳ್ಳು ಹೇಳುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ಅವನು ಅದಕ್ಕಾಗಿಯೇ ಕಾಯುತ್ತಿದ್ದ. ಹೌದು ಎಂದರೆ ಅದು ನಾಲ್ಕನೆಯ ಕತೆ. ತೂತು, ಹೆಂಚು, ಸೌಟುಗಳ ಪಕ್ಕದಲ್ಲಿ ಅದೂ ಹೋಗಿ ಕೂರುತ್ತದೆ. ಇಲ್ಲ ಎಂದರೆ ಏನೂ ಉಳಿಯುವುದಿಲ್ಲ, ಸಾಯಂಕಾಲ ಎರ್ಲಿಂದಾಳ ಬಾಗಿಲು ಬಡಿಯುತ್ತದೆ.

ನ್ಯಾಯಾಲಯದ ಗಡಿಯಾರ ನಿಂತೇಹೋಯಿತು. ಹಾರುತ್ತಿದ್ದ ನೊಣ ಗಾಳಿಯಲ್ಲೇ ಕಾದು ನಿಂತಿತು.

"ಇಲ್ಲ" ಎಂದಳು ಚೆಂಚಾ. "ಅವನ ಧ್ವನಿ ಕೇಳಿಸಲಿಲ್ಲ."

"ನನ್ನ ಪ್ರಶ್ನೆ ಮುಗೀತು" ಎಂದು ಬರ್ರಾಗಾನ್ ಕೂತ.

ಹಿಂದಿನ ಸಾಲಿನಲ್ಲಿ ಎರ್ಲಿಂದಾ ಉಸಿರೆಳೆದುಕೊಂಡ ಸದ್ದಾಯಿತು. ಸೊಲೀಸ್‌ಳ ಕೈಯಲ್ಲಿದ್ದ ಪೆನ್ನು ನಿಂತಿತು. ಸಿಡಿಲಿಗೂ ಮಿಟುಕದ ಆ ರೆಪ್ಪೆ ಒಮ್ಮೆ ಮಿಟುಕಿತು. ಹಿರಿಯ ನ್ಯಾಯಾಧೀಶೆ ಮುಂದಕ್ಕೆ ಬಾಗಿದಳು: "ದೋನ್ಯಾ, ನೀವು ಏನು ಹೇಳ್ತಿದ್ದೀರಿ ಅನ್ನೋದು ನಿಮಗೆ ಅರ್ಥ ಆಗ್ತಿದೆಯಾ? ಲಿಸೆನ್ಸಿಯಾದಾ, ಇವರನ್ನ ಇನ್ನೇನಾದರೂ ಕೇಳೋದಿದೆಯಾ?"

ಸೊಲೀಸ್ ಎದ್ದಳು. ಮೇಜಿನ ಮೇಲೆ ಅವಳು ಬರೆದಿಟ್ಟುಕೊಂಡ ಪ್ರಶ್ನೆಗಳೆಲ್ಲ ಈಗ ಹಳೆಯ ಕಾಗದ. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ನ್ಯಾಯಾಲಯದಲ್ಲಿ ಕೇಳಬಾರದು ಎಂದು ಅವರಿಗೆ ಮೊದಲ ದಿನವೇ ಕಲಿಸುತ್ತಾರಂತೆ. ಅವಳು ಕೇಳಿದಳು.

"ದೋನ್ಯಾ ಚೆಂಚಾ, ಹಾಗಾದ್ರೆ ಏನು ಕೇಳಿಸ್ತು?"

ಚೆಂಚಾ ಶಾಲಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು.

"ನಾಣ್ಯ" ಎಂದಳು.

"ಯಾವ ನಾಣ್ಯ?"

"ಪಾತ್ರೇದು. ತಮಾಲೆ ಬೇಯಿಸೋ ಪಾತ್ರೆ ತಳಕ್ಕೆ ಹಾಕ್ತೀವಲ್ಲ, ಅದು. ನೀರು ಕುದೀತಿರೋ ತನಕ ಗಿಲಕಿ ಥರ ಕುಣೀತಿರತ್ತೆ. ಸುಮ್ಮನಾಯ್ತು ಅಂದ್ರೆ ನೀರು ಮುಗೀತು ಅಂತ. ಆಗ ನೀರು ಹಾಕ್ಬೇಕು, ಇಲ್ದಿದ್ರೆ ಸೀದುಹೋಗತ್ತೆ."

ಇದನ್ನು ಆ ಕೋಣೆಯಲ್ಲಿ ಯಾರಿಗೂ ಹೇಳಬೇಕಾಗಿರಲಿಲ್ಲ. ಬಾಗಿಲ ಕಾವಲಿನವನೂ ತಲೆಯಾಡಿಸಿದ. ಅಲ್ಲಿದ್ದವರೆಲ್ಲ ಯಾರದೋ ಅಡುಗೆಮನೆಯಲ್ಲಿ ಆ ಸದ್ದು ಕೇಳುತ್ತಲೇ ಬೆಳೆದವರು.

"ಅವಳ ಒಲೆ ಗೋಡೆಯ ಆಚೆ, ನನ್ನದು ಈಚೆ" ಎಂದಳು ಚೆಂಚಾ. ಅವಳ ಧ್ವನಿ ತಗ್ಗಿತ್ತು. ಬರೆದುಕೊಳ್ಳುವವ ಕತ್ತು ಮುಂದೆ ಚಾಚಿದ. "ಮೂರು ರಾಜರ ಹಬ್ಬದ ರೊಟ್ಟೀಲಿ ಬೊಂಬೆ ಅವಳ ಪಾಲಿಗೆ ಬಂದಿತ್ತು. ಬೊಂಬೆ ಸಿಕ್ಕವರೇ ಮೇಣದಬತ್ತಿ ಹಬ್ಬಕ್ಕೆ ಎಲ್ಲರಿಗೂ ತಮಾಲೆ ಮಾಡ್ಬೇಕು, ಅದಕ್ಕೆ ಆ ಸಲ ಅವಳದೇ. ಕತ್ತಲೆಯಲ್ಲೇ ಎದ್ದು ಪಾತ್ರೆ ಒಲೆ ಮೇಲಿಟ್ಟಿದ್ಲು. ನಾಣ್ಯ ಕುಣಿಯೋದು ಕೇಳಿಸ್ತಿತ್ತು. ಮೊದಲನೇ ಪೂಜೆ ಗಂಟೆ ಹೊಡೀತು, ಆಗ್ಲೂ ಕುಣೀತಿತ್ತು. ಗ್ಯಾಸ್ ಮಾರೋನು ಕೂಗ್ಕೊಂಡು ಹೋದ, ಆಮೇಲೆ ನಿಂತೋಯ್ತು."

"ನಿಂತ ಮೇಲೆ?"

"ನಾನು ಸೌಟಲ್ಲಿ ಗೋಡೆ ಬಡಿದೆ. ನಮ್ಮಿಬ್ಬರ ವಾಡಿಕೆ ಅದು. ಅವಳ ನಾಣ್ಯ ನಿಂತ್ರೆ ನಾನು ಬಡೀತೀನಿ, ನನ್ನದು ನಿಂತ್ರೆ ಅವಳು. ಬಡಿದ್ರೆ ತಿರುಗಿ ಬಡೀಬೇಕು, 'ಕೇಳಿಸ್ತು ಕೊಮಾದ್ರೆ' ಅಂತ. ಅವಳು ಯಾವತ್ತೂ ಬಡೀದೆ ಇದ್ದೋಳಲ್ಲ. ಮುಖ ಊದಿಕೊಂಡಿದ್ದ ದಿನವೂ ಬಡೀತಿದ್ಲು."

"ಆವತ್ತು?"

"ಬಡೀಲಿಲ್ಲ."

ಕೋಣೆಯಲ್ಲಿ ಯಾರೋ ಕುರ್ಚಿ ಸರಿಸಿದರು. ಹಿರಿಯ ನ್ಯಾಯಾಧೀಶೆ ಆ ಕಡೆ ಕಣ್ಣು ಹಾಯಿಸಿದಳು, ಸದ್ದು ನಿಂತಿತು.

"ಬಡೀಲಿಲ್ಲ. ಆದ್ರೆ ನೀರು ಹುಯ್ದ ಸದ್ದು ಕೇಳಿಸ್ತು. ಬಿಸಿ ತಳಕ್ಕೆ ನೀರು ಬಿದ್ರೆ ಚುಂಯ್ ಅನ್ನತ್ತಲ್ಲ, ಹಂಗೆ. ಸ್ವಲ್ಪ ಹೊತ್ತಿಗೆ ನಾಣ್ಯ ಮತ್ತೆ ಶುರುವಾಯ್ತು. ನಾನು ಅಂದ್ಕೊಂಡೆ, ಹೋ, ಕೊಮಾದ್ರೆ ಇದಾಳೆ, ಹಬ್ಬದ ದಿನ ಅಂತ ಜಂಬ ಮಾಡ್ತಿದಾಳೆ, ತಿರುಗಿ ಬಡಿಯೋಕೂ ಪುರುಸೊತ್ತಿಲ್ಲ. ನಂಗೆ ಸಿಟ್ಟು ಬಂತು. ಇವಳು ಬಂದು ಮಾತಾಡಿಸೋವರೆಗೆ ನಾನೂ ಮಾತಾಡಲ್ಲ ಅಂತ ಕೂತೆ." ಅವಳು ಶಾಲು ಬಿಟ್ಟಳು. "ಎರಡನೇ ಗಂಟೆ ಹೊಡೀತು. ಅವನು ಬೀದೀಲಿ ನಿಂತು ಕಿರುಚಿದ. ಅಲ್ಲೀವರೆಗೂ ನಾಣ್ಯ ಕುಣೀತಾನೇ ಇತ್ತು, ತಾಯಿ. ನಾನು ಯಾರಿಗೆ ಗೋಡೆ ಬಡಿದೆ? ನಾನು ಬಡಿದಿದ್ದಕ್ಕೆ ನೀರು ಹಾಕಿದ್ದು ಯಾರು? ಇದನ್ನ ಹೇಗೆ ಸಂತೇಲಿ ಹೇಳ್ಲಿ? ಅದಕ್ಕೇ ತೂತು ಅಂದೆ, ಹೆಂಚು ಅಂದೆ."

ಬರ್ರಾಗಾನ್ ಅವಸರದಿಂದ ಎದ್ದ. ಅವನೂ ಆ ಕಡೆಯವನೇ. ಮಾತು ಎಲ್ಲಿಗೆ ಹೊರಟಿದೆಯೆಂದು ಅವನಿಗೆ ಎಲ್ಲರಿಗಿಂತ ಮೊದಲು ತಿಳಿದಿತ್ತು. ತಿಳಿದದ್ದೇ ಅವನನ್ನು ಎಡವಿಸಿತು.

"ಮಾನ್ಯರೇ, ಇದು ಐದನೇ ಕತೆ! ಇದು ನಿಜ ಅಂತಲೇ ಇಟ್ಕೊಳ್ಳೋಣ. ಆ ನೀರನ್ನ ಯುರೀದಿಯಾನೇ ಹಾಕಿರಬಹುದಲ್ಲ?"

ಹೇಳಿ ಮುಗಿಸುವಷ್ಟರಲ್ಲೇ ಅವನ ಕೈ ವೈದ್ಯರ ವರದಿಯ ಕಡೆ ಹೋಯಿತು.

"ವಕೀಲರೇ," ಎಂದಳು ಹಿರಿಯ ನ್ಯಾಯಾಧೀಶೆ, ಮೆಲ್ಲಗೆ, "ಅವರು ಮೊದಲನೇ ಗಂಟೆಗೂ ಮುಂಚೆನೇ ತೀರಿಕೊಂಡಿದ್ರು ಅಂತ ಇಲ್ಲಿ ನಿಂತು ಹೇಳಿದ್ದು ನೀವು ಕರೆಸಿದ ವೈದ್ಯರೇ."

"ಹಾಗಾದ್ರೆ... ಒಳಗೆ ಬಂದ ಕಳ್ಳ..."

"ಕೊಂದು, ತೊಲೆಗೆ ಏರಿಸಿ, ಅಯ್ಯೋ ತಮಾಲೆ ಸೀಯತ್ತಲ್ಲ ಅಂತ ನೀರು ಹಾಕಿ, ಗಂಟೆಗಟ್ಟಲೆ ಕೂತು ಕಾಯೋ ಕಳ್ಳನಾ, ಲಿಸೆನ್ಸಿಯಾದೊ?" ಎಂದಳು ಚೆಂಚಾ. "ಅಂಥವನು ಒಬ್ಬ ಇದ್ರೆ ನಮ್ಮನೇಗೂ ಕಳಿಸಿ, ಕೆಲಸಕ್ಕೆ ಇಟ್ಕೋತೀನಿ."

ಬೇರೆ ದಿನವಾಗಿದ್ದರೆ ಕೋಣೆಯ ಮಾಡು ಹಾರಿಹೋಗುವಷ್ಟು ನಗು ಏಳುತ್ತಿತ್ತು. ಯಾರೂ ನಗಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಎಲ್ಲರ ಕಣ್ಣು ಒಂದೇ ಕಡೆಗೆ ಹೊರಳತೊಡಗಿತ್ತು.

ಸೊಲೀಸ್ ಕಾಗದ ತಿರುವುತ್ತಿದ್ದಳು. "ಮಾನ್ಯರೇ, ನಿನ್ನೆ ಆರೋಪಿಯ ತಾಯಿ ಹೇಳಿದ ಮಾತೊಂದು ದಾಖಲೆಯಲ್ಲಿದೆ. ಓದ್ತೀನಿ." ಅವಳ ಧ್ವನಿಯಲ್ಲಿ ಏರಿಳಿತವೇ ಇರಲಿಲ್ಲ. "'ಸೊಸೆಗೆ ಮನಸ್ಸು ಸರಿ ಇರಲಿಲ್ಲ, ಆದ್ರೆ ಕೈರುಚಿ ಇತ್ತು. ಸಾವಿನ ಮನೆಗೆ ಬಂದವರಿಗೆಲ್ಲ ಆ ಪಾತ್ರೆಯಿಂದಲೇ ತೆಗೆದು ನಾನೇ ಬಡಿಸಿದೆ. ಹದವಾಗಿ ಬೆಂದಿದ್ವು. ಒಂದೇ ಒಂದು ತಮಾಲೆ ಸೀದಿರಲಿಲ್ಲ.'"

ಇಡೀ ಊರು ತಿಂದಿತ್ತು ಅದನ್ನು. ಅಳುತ್ತ ತಿಂದಿತ್ತು, ರುಚಿಯಾಗಿದೆ ಎಂದಿತ್ತು. ಸಾಕ್ಷ್ಯವನ್ನು ಸಿಪ್ಪೆ ಬಿಡಿಸಿ ತಿಂದು, ಸಿಪ್ಪೆಯನ್ನು ಹಂದಿಗೆ ಹಾಕಿತ್ತು.

ದೋನ್ಯಾ ಪೋರ್ಫಿರಿಯಾ ಹಿಂದಿನ ಸಾಲಿನಲ್ಲಿ ಕದಲದೆ ಕೂತಿದ್ದಳು. ಎವಾರಿಸ್ತೊ ಕುರ್ಚಿಯೆತ್ತರ ಇದ್ದಾಗಿನಿಂದ ಅವನನ್ನು ಒಲೆಯ ಪಕ್ಕ ಕೂರಿಸಿ ನಾಣ್ಯ ಕಾಯಲು ಬಿಡುತ್ತಿದ್ದವಳು ಅವಳೇ. "ನಾಣ್ಯ ಸುಮ್ಮನಾಗೋಕೆ ಬಿಟ್ರೆ ಕೈ ಮುರೀತೀನಿ" ಎಂದು ಗದರುತ್ತಿದ್ದಳು. "ನನ್ನ ಮಗ ನಿದ್ದೇಲೂ ಎದ್ದು ನೀರು ಹಾಕ್ತಾನೆ" ಎಂದು ಸಂತೆಯಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದಳು. ಊರಿನಲ್ಲಿ ಕೇಳದವರಿಲ್ಲ. ಈಗ ಅವಳು ಮಗನ ಮುಖವನ್ನು ನೋಡುತ್ತಿರಲಿಲ್ಲ, ಮೇಜಿನ ಮೇಲೆ ಮಡಿಸಿಟ್ಟ ಅವನ ಕೈಗಳನ್ನು ನೋಡುತ್ತಿದ್ದಳು. ಎವಾರಿಸ್ತೊ ವಿಚಾರಣೆ ಶುರುವಾದಾಗಿನಿಂದ ಮೊದಲ ಬಾರಿಗೆ ಹಿಂದಕ್ಕೆ ತಿರುಗಿದ.

"ಅಮ್ಮಾ" ಎಂದ.

ಪೋರ್ಫಿರಿಯಾ ಶಾಲನ್ನು ತಲೆಯ ಮೇಲಿಂದ ಎಳೆದು ಮುಖ ಮುಚ್ಚಿಕೊಂಡಳು.

ಅವನು ಕೈಗಳನ್ನು ಮೇಜಿನ ಕೆಳಕ್ಕೆ ಇಳಿಸಿದ. ಅದನ್ನು ಮೂವರು ನ್ಯಾಯಾಧೀಶರೂ ನೋಡಿದರು.

ಆಮೇಲೆ ಏನಾಯಿತೆಂದರೆ, ಪೀಠದಲ್ಲಿದ್ದ ಮೂವರೂ ಆ ಕ್ಷಣವೇ ಎದ್ದು ನಿಂತು ಎವಾರಿಸ್ತೊನಿಗೆ ಸಾವಿರ ವರ್ಷ ಸೆರೆ ವಿಧಿಸಿದರು. ರಾಜಧಾನಿಯ ಚರ್ಚುಗಳ ಗಂಟೆಗಳು ಹಗ್ಗ ಎಳೆಯುವವರಿಲ್ಲದೆ ತಾವೇ ಹೊಡೆದುಕೊಂಡವು. ಹತ್ತು ಸಾವಿರ ಹೆಂಗಸರು ಚೆಂಚಾಳನ್ನು ಹೆಗಲ ಮೇಲೆ ಹೊತ್ತು ಸಾಂತಾ ರೀತಾದವರೆಗೆ ಮೆರವಣಿ...

ಈ ಕತೆ ಹೇಳುತ್ತ ನಾನು ಈ ಜಾಗಕ್ಕೆ ಬಂದಾಗಲೆಲ್ಲ ಚೆಂಚಾ ಮುಸುಕಿನ ಜೋಳದ ಸಿಪ್ಪೆ ನೆನೆಸುತ್ತಿದ್ದ ಕೈಯನ್ನು ನೀರಿನಿಂದ ಎತ್ತುತ್ತಾಳೆ. "ಸಾಕು" ಎನ್ನುತ್ತಾಳೆ. "ಏನನ್ನ ಮುಚ್ಚೋಕೆ ಹೇಳ್ತಿದ್ದೀಯ ಇದನ್ನ?" ಅವಳ ಎದುರಿಗೆ ಕೂತು ಅವಳ ಕತೆಗೇ ಬಾಲ ಅಂಟಿಸಿದರೆ ಸಿಕ್ಕಿಬೀಳದೆ ಇನ್ನೇನು?

ಸರಿ. ಒಪ್ಪಿಕೊಂಡದ್ದಾಯಿತು. ನಿಜ ಇಷ್ಟು.

ಆ ದಿನ ತೀರ್ಪು ಬರಲಿಲ್ಲ. ದಾಯಾದಿಯನ್ನು ಮತ್ತೆ ಕರೆಸಿದರು. ಅವನು ಅತ್ತು, ಗುಡ್ಡಕ್ಕೆ ತಾನೊಬ್ಬನೇ ಹೋಗಿದ್ದೆ ಎಂದ. ಮುಂದಿನ ವಾರ ತೀರ್ಪು ಓದಿದರು. ಹೆಂಗಸು ಎಂಬ ಕಾರಣಕ್ಕೆ ಮಾಡಿದ ಕೊಲೆ ಎಂದು ಬರೆದಿದ್ದರು. ಸೆರೆ ಎವಾರಿಸ್ತೊನ ಕೂದಲು ನರೆತ ಮೇಲೆ ಮುಗಿಯುವಷ್ಟು. ಮಗುವಿನ ಮೇಲೆ ಅವನಿಗೆ ಹಕ್ಕಿಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ. 'ಆತ್ಮಹತ್ಯೆ' ಎಂದು ಬರೆದ ಅಧಿಕಾರಿಯನ್ನು ಪಕ್ಕದ ಊರಿಗೆ ವರ್ಗ ಮಾಡಿದರು. ಅಲ್ಲಿಯೂ ಹೆಂಗಸರಿದ್ದಾರೆ. ಸೊಲೀಸ್ ಎರ್ಲಿಂದಾಳ ಕೈ ಕುಲುಕಿ, ಮುಂದಿನ ಕೋಣೆಗೆ ಓಡಿದಳು. ಅಲ್ಲಿ ಇನ್ನೊಬ್ಬಳ ತಾಯಿ ಕಾಯುತ್ತಿದ್ದಳು. ಮೆರವಣಿಗೆ ಎಂದರೆ ವಾಪಸು ಬಸ್ಸು, ಅದರಲ್ಲಿ ಸೀಟು ಸಿಗದೆ ಚೆಂಚಾ ಅರ್ಧ ದಾರಿ ನಿಂತೇ ಬಂದಳು.

ಮತ್ತೆ ಆ ಬೆಟ್ಟದ ಮಾತು. ದೋನ್ ಗೋಯೊ ಯಾರ ಕೂಗಿಗೂ ಯಾವತ್ತೂ ಬೂದಿ ನುಂಗಿದ್ದಿಲ್ಲ. ಅವರು ಊರಿಗೆ ಬಂದಿಳಿದಾಗಲೂ ಬೂದಿ ಬೀಳುತ್ತಿತ್ತು, ಹಿಟ್ಟು ಜರಡಿ ಹಿಡಿದಂತೆ, ಸದ್ದಿಲ್ಲದೆ. ಚೆಂಚಾ ಪೊರಕೆ ತಂದು ತನ್ನ ಬಾಗಿಲ ಮುಂದೆ ಗುಡಿಸಿದಳು. ಆಮೇಲೆ ಪಕ್ಕದ, ಬೀಗ ಹಾಕಿದ ಬಾಗಿಲ ಮುಂದೆಯೂ ಗುಡಿಸಿದಳು.